ಜೂಜುಕಟ್ಟೆಯಿಂದ ಅಂಗಡಿಗೆ: ಮರಳಲು ಬಯಸುವವನ ಕಷ್ಟ

(ಬಂಟ್ವಾಳದಲ್ಲಿ ವ್ಯಾಪಾರಿಗಳು ಹಾಗೂ ಜಮಾಅತ್ ಕಮಿಟಿಗಳ ಸದಸ್ಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಜೂಜಿನ ವಿರುದ್ಧ ವೇದಿಕೆಗಳಲ್ಲಿ ನಡೆಯುವ ಭಾಷಣಗಳನ್ನು ಕೇಳುವವರು ಹೆಚ್ಚಾಗಿ ಜೂಜಾಡದವರೇ. ಅದು ನಿಷಿದ್ಧವೆಂದು ಭಾಷಣಕಾರರು ಹೇಳುತ್ತಾರೆ, ಸಭಿಕರು ತಲೆದೂಗುತ್ತಾರೆ, ಸಭೆ ಮುಗಿಯುತ್ತದೆ. ಇಂದು ನಾವು ಮಾತನಾಡಲು ಬಯಸುವುದು ಅಂಥ ಸಭೆಗಳಿಗೆ ಬಾರದ ಒಬ್ಬ ವ್ಯಕ್ತಿಯ ಕುರಿತು. ಜೂಜು ಹರಾಮ್ ಎಂಬುದು ಅವನಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಿದೆ. ಅದನ್ನು ಬಿಡಬೇಕೆಂದೂ ಅವನು ನಿರ್ಧರಿಸಿದ್ದಾನೆ. ಬಿ.ಸಿ.ರೋಡಿನಲ್ಲೋ ಬೆಳ್ತಂಗಡಿಯಲ್ಲೋ ಒಂದು ಸಣ್ಣ ಅಂಗಡಿ ಹಾಕಿದ್ದಾನೆ. ಮೂರು ತಿಂಗಳು ಅಂಗಡಿ ಚೆನ್ನಾಗಿಯೇ ನಡೆಯುತ್ತದೆ. ನಾಲ್ಕನೆಯ ತಿಂಗಳು ಸರಕು ತರಲೆಂದು ಎತ್ತಿಟ್ಟ ಹಣ ಕಾಣೆಯಾಗುತ್ತದೆ. ಮನೆಯವರು ಅಳುತ್ತಾರೆ, ಆತ ಮತ್ತೆ ಆಣೆ ಹಾಕುತ್ತಾನೆ, ಅಣ್ಣನೋ ಮಾವನೋ ಮತ್ತೆ ಹಣ ಹೊಂದಿಸುತ್ತಾರೆ. ಇದು ಒಬ್ಬನ ಕಥೆಯಲ್ಲ. ಇಲ್ಲಿ ಕುಳಿತಿರುವವರಲ್ಲಿ ಹಲವರಿಗೆ ಇಂಥ ಒಬ್ಬನಾದರೂ ಸ್ವಂತ ಕುಟುಂಬದಲ್ಲೇ ಗೊತ್ತಿರಬಹುದು.

ವರ್ಷಕ್ಕೊಮ್ಮೆ ಗಡಿ ದಾಟಿ ಕೇರಳದ ಲಾಟರಿ ಚೀಟಿ ಕೊಳ್ಳುವವನ ವಿಚಾರ ಇಲ್ಲಿ ಬೇಡ. ಜೂಜನ್ನೇ ಕಸುಬಾಗಿಸಿಕೊಂಡವನು, ಅದರಿಂದಲೇ ಮನೆ ನಡೆಸುತ್ತೇನೆಂದು ಹೊರಟವನು ನಮ್ಮ ಇಂದಿನ ವಿಷಯ. ನಮ್ಮ ತಾಲೂಕುಗಳಲ್ಲಿ ಈ ಕಸುಬಿಗೆ ಕ್ಷೇತ್ರಗಳ ಕೊರತೆಯಿಲ್ಲ. ಮಟ್ಕಾ ಇದೆ, ಇಸ್ಪೀಟಿನ ಉಲಾಯಿ–ಪಿದಾಯಿ ಇದೆ, ಕೋಳಿ ಅಂಕದ ಸುತ್ತ ಕಟ್ಟುವ ಪಣ ಇದೆ, ಕ್ರಿಕೆಟ್ ಬೆಟ್ಟಿಂಗ್ ಇದೆ. ಇತ್ತೀಚಿನ ವರ್ಷಗಳಲ್ಲಿ ಮೊಬೈಲಿನ ರಮ್ಮಿ ಮತ್ತು ಬೆಟ್ಟಿಂಗ್ ಆ್ಯಪ್‌ಗಳು ಇವೆಲ್ಲವನ್ನೂ ಹಿಂದಿಕ್ಕಿವೆ. ಪೊಲೀಸ್ ದಾಳಿಯ ಸುದ್ದಿಯಲ್ಲಿ ಆರೋಪಿಗಳ ಹೆಸರುಗಳನ್ನು ಓದಿ ನೋಡಿರಿ. ಕೋಮು ವೈಷಮ್ಯಕ್ಕಾಗಿ ಮತ್ತೆ ಮತ್ತೆ ಸುದ್ದಿಯಾಗುವ ಈ ಜಿಲ್ಲೆಯಲ್ಲಿ ಜೂಜುಕಟ್ಟೆಯೊಂದರಲ್ಲಿ ಮಾತ್ರ ಎಲ್ಲ ಧರ್ಮದವರೂ ತೊಡೆಗೆ ತೊಡೆ ತಾಗಿಸಿ ಕುಳಿತಿರುತ್ತಾರೆ. ಯಾವ ಶಾಂತಿ ಸಭೆಗೂ ಸಾಧ್ಯವಾಗದ ಸೌಹಾರ್ದ ಅಲ್ಲಿದೆ!

ಕಸುಬಿನ ಜೂಜುಗಾರ ತನ್ನನ್ನು ದುಶ್ಚಟದವನೆಂದು ಭಾವಿಸುವುದಿಲ್ಲ. ತಾನೂ ಒಂದು ಬಗೆಯ ವ್ಯಾಪಾರಿ ಎಂಬುದು ಅವನ ನಂಬಿಕೆ. ವ್ಯಾಪಾರಿ ಬಂಡವಾಳ ಹಾಕುತ್ತಾನೆ, ತಾನೂ ಹಾಕುತ್ತೇನೆ; ವ್ಯಾಪಾರದಲ್ಲಿ ಲಾಭ ನಷ್ಟವಿದೆ, ಇಲ್ಲಿಯೂ ಇದೆ; ಅಡಿಕೆಯ ಧಾರಣೆ ನಾಳೆ ಏನಾಗುವುದೆಂದು ಯಾರಿಗೆ ಗೊತ್ತು ಎಂದು ಅವನು ಕೇಳುತ್ತಾನೆ. ಈ ವಾದವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಯಾಕೆಂದರೆ ಮಟ್ಕಾ ಹುಟ್ಟಿದ್ದೇ ವ್ಯಾಪಾರದ ಹೊಸ್ತಿಲಲ್ಲಿ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯಿಂದ ಮುಂಬೈಗೆ ತಂತಿಯ ಮೂಲಕ ಬರುತ್ತಿದ್ದ ಆರಂಭ ಮತ್ತು ಮುಕ್ತಾಯ ಧಾರಣೆಗಳ ಮೇಲೆ ಜನರು ಪಣ ಕಟ್ಟುತ್ತಿದ್ದರು. ಅದು ನಿಂತುಹೋದಾಗ, 1960ರ ದಶಕದಲ್ಲಿ, ಮಡಕೆಯಿಂದ ಚೀಟಿ ಎತ್ತಿ ಅಂಕಿ ಘೋಷಿಸುವ ಪದ್ಧತಿ ಬಂತು. ಮಟ್ಕಾ ಎಂದರೆ ಮಡಕೆ. ಹತ್ತಿ ಹೋಯಿತು, ಧಾರಣೆ ಹೋಯಿತು, ‘ಓಪನ್’ ಮತ್ತು ‘ಕ್ಲೋಸ್’ ಎಂಬ ಮಾರುಕಟ್ಟೆಯ ಪದಗಳು ಮಾತ್ರ ಇಂದಿಗೂ ಉಳಿದಿವೆ.

ಆದ್ದರಿಂದ ಅವನ ಭಾಷೆಯಲ್ಲೇ, ಅಂದರೆ ಬಂಡವಾಳದ ಭಾಷೆಯಲ್ಲೇ ಅವನಿಗೆ ಉತ್ತರಿಸಬೇಕು. ನೂರು ಅಂಕಿಗಳಲ್ಲಿ ಒಂದು ಬಂದರೆ ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವ ಆಟವೆಂದು ಇಟ್ಟುಕೊಳ್ಳೋಣ. ನೂರು ಮಂದಿ ನೂರು ಬೇರೆ ಬೇರೆ ಅಂಕಿಗಳ ಮೇಲೆ ತಲಾ ಒಂದು ರೂಪಾಯಿ ಕಟ್ಟಿದರೆ ಸಂಗ್ರಹವಾಗುವುದು ನೂರು, ಮರಳಿ ಬರುವುದು ಎಂಬತ್ತು. ಆ ಎಂಬತ್ತನ್ನೇ ಮತ್ತೆ ಕಟ್ಟಿದರೆ ಸರಾಸರಿಯಲ್ಲಿ 64, ಇನ್ನೊಮ್ಮೆ ಕಟ್ಟಿದರೆ 51. ಹೀಗೆ ಹತ್ತು ಸುತ್ತು ತಿರುಗಿದಾಗ ಆಡುವವರ ಕೈಯಲ್ಲಿ ಉಳಿಯುವುದು ಹನ್ನೊಂದು ರೂಪಾಯಿಗಿಂತಲೂ ಕಡಿಮೆ. ಇನ್ನು ಅಂಗಡಿಯವನನ್ನು ನೋಡಿರಿ. ಖರ್ಚು ಕಳೆದು ನೂರಕ್ಕೆ ಐದೇ ರೂಪಾಯಿ ಉಳಿಯುವ ಬಡ ವ್ಯಾಪಾರ ಅವನದು. ಅದೇ ನೂರು ರೂಪಾಯಿಯ ಸರಕನ್ನು ಹತ್ತು ಸಲ ತಂದು ಮಾರಿದರೆ ಅದು ಸುಮಾರು 163 ಆಗುತ್ತದೆ. ಎರಡೂ ಕಡೆ ಹಣ ತಿರುಗಿದ್ದು ಹತ್ತೇ ಸಲ. ಒಂದು ಕಡೆ ತಿರುಗಿದಷ್ಟೂ ಸವೆಯುತ್ತದೆ, ಇನ್ನೊಂದು ಕಡೆ ತಿರುಗಿದಷ್ಟೂ ಬೆಳೆಯುತ್ತದೆ. ನಡುವೆ ಒಬ್ಬನಿಗೆ ಒಂದು ದಿನ ಎಂಬತ್ತು ಪಟ್ಟು ಬಂದಿರಬಹುದು; ಊರಿಗೆಲ್ಲ ಗೊತ್ತಾಗುವುದು ಆ ಒಂದು ದಿನದ ಸುದ್ದಿ ಮಾತ್ರ.

‘ನಮ್ಮದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟ’ ಎನ್ನುವವರೂ ಇದ್ದಾರೆ. ರಮ್ಮಿಯಲ್ಲಿ ಕೌಶಲ್ಯದ ಅಂಶವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1967ರಲ್ಲಿ, ಕುದುರೆ ಪಂದ್ಯ ಕೌಶಲ್ಯದ ಆಟವೆಂದು 1996ರಲ್ಲಿ ಹೇಳಿರುವುದು ನಿಜ. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಅದರ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿದ್ದಕ್ಕೂ ಈ ವಾದ ಒಂದು ಮುಖ್ಯ ಆಧಾರವಾಗಿತ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ, ಹಣದ ಆಟ ಕೌಶಲ್ಯದ್ದಿರಲಿ ಅದೃಷ್ಟದ್ದಿರಲಿ, ಅದನ್ನು ಆನ್‌ಲೈನಿನಲ್ಲಿ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಎಂದು ವಿಧಿಸಿತು. ಆಡುವವನನ್ನು ಅದು ಅಪರಾಧಿಯಾಗಿಸಿಲ್ಲ. ಅದು ಸರಿಯಾದ ನಿಲುವು ಎಂದೇ ನಮ್ಮ ಅಭಿಪ್ರಾಯ. ಆದರೆ ಕೌಶಲ್ಯವಿದೆಯೆಂದೇ ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ. ಕುಶಲ ಆಟಗಾರ ಗೆಲ್ಲುವ ಹಣ ಯಾರದು? ತನಗಿಂತ ಕಡಿಮೆ ಕೌಶಲ್ಯವಿರುವ ನೆರೆಯವನದು, ಕೂಲಿಯಾಳಿನದು, ಕಾಲೇಜು ಹುಡುಗನದು. ಅಂಗಡಿಯಿಂದ ಹೊರಟ ಗಿರಾಕಿಯ ಕೈಯಲ್ಲಿ ಅಕ್ಕಿಯ ಚೀಲವಿರುತ್ತದೆ, ಅಂಗಡಿಯವನ ಕೈಯಲ್ಲಿ ಹಣವಿರುತ್ತದೆ. ಜೂಜುಕಟ್ಟೆಯಿಂದ ಹೊರಟ ಇಬ್ಬರಲ್ಲಿ ಒಬ್ಬನ ಕೈ ಬರಿದಾಗಿರಲೇಬೇಕು.

ಈ ವ್ಯಾಮೋಹ ಇಂದಿನದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಪ್ರಲಾಪವೇ ವಸ್ತುವಾಗಿರುವ ಒಂದು ಸೂಕ್ತವಿದೆ. ಪತ್ನಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ, ತಂದೆ ತಾಯಿ ಸಹೋದರರು ಅವನನ್ನು ತಮ್ಮವನೆಂದು ಒಪ್ಪುವುದಿಲ್ಲ. ಇನ್ನು ಆಡುವುದಿಲ್ಲವೆಂದು ನಿಶ್ಚಯಿಸಿದವನು ದಾಳದ ಸದ್ದು ಕೇಳಿದೊಡನೆ ಅಲ್ಲಿಗೆ ಧಾವಿಸುತ್ತಾನೆ. ಕೊನೆಯಲ್ಲಿ ಅವನಿಗೆ ಸಿಗುವ ಬುದ್ಧಿವಾದ, ದಾಳ ಬಿಡು, ಹೊಲ ಉಳು ಎಂಬ ಅರ್ಥದ್ದು. ಬರೇ ಬಿಡು ಎಂದಲ್ಲ, ಬದಲಿಗೆ ಏನು ಮಾಡಬೇಕೆಂದೂ ಅಲ್ಲಿ ಹೇಳಲಾಗಿದೆ. ಪಕ್ಕದ ಮೂಡುಬಿದಿರೆ ಜೈನರ ಪವಿತ್ರ ಕೇಂದ್ರ. ಜೈನ ಗೃಹಸ್ಥನು ತ್ಯಜಿಸಬೇಕಾದ ಸಪ್ತವ್ಯಸನಗಳ ಪಟ್ಟಿಯಲ್ಲಿ ಮದ್ಯಕ್ಕಿಂತಲೂ ಕಳವಿಗಿಂತಲೂ ಮೊದಲು ಬರುವುದು ದ್ಯೂತ. ವ್ಯಾಪಾರವನ್ನೇ ಜೀವನವಾಗಿಸಿಕೊಂಡ ಒಂದು ಸಮುದಾಯ ಜೂಜನ್ನು ಪಟ್ಟಿಯ ಮೊದಲಲ್ಲಿಟ್ಟಿರುವುದು ಗಮನಾರ್ಹ.

ಇಸ್ಲಾಮಿನ ನಿಲುವು ನಿಮಗೆ ತಿಳಿದದ್ದೇ. ಆದರೆ ಪವಿತ್ರ ಕುರ್‌ಆನ್ ನಿಷೇಧಿಸಿದ ‘ಮೈಸಿರ್’ ಎಂತಹದಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಅಜ್ಞಾನ ಕಾಲದ ಅರಬರು ಒಂಟೆಯನ್ನು ಕೊಯ್ದು ಅದರ ಮಾಂಸಕ್ಕಾಗಿ ಬಾಣಗಳಿಂದ ಚೀಟಿ ಎತ್ತುತ್ತಿದ್ದರು. ಬಾಣಗಳು ಹತ್ತು. ಏಳು ಬಾಣಗಳಿಗೆ ಒಂದರಿಂದ ಏಳರವರೆಗೆ ಪಾಲುಗಳು, ಉಳಿದ ಮೂರು ಬರಿದು. ಸೋತವರು ಒಂಟೆಯ ಬೆಲೆ ತೆರಬೇಕಿತ್ತು. ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚಿಬಿಡುತ್ತಿದ್ದರು, ಅದನ್ನು ತಮ್ಮ ಔದಾರ್ಯವೆಂದು ಕೊಂಡಾಡಿಕೊಳ್ಳುತ್ತಿದ್ದರು. ಬರಗಾಲದಲ್ಲಿ ಹಸಿದವರ ಹೊಟ್ಟೆ ತುಂಬಿಸುತ್ತಿದ್ದ ಜೂಜು ಅದು! ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ, ಆದರೆ ಕೆಡುಕು ಅದಕ್ಕಿಂತ ದೊಡ್ಡದು ಎಂದು ಅಲ್‌ಬಕರ ಅಧ್ಯಾಯದ 219ನೆಯ ಸೂಕ್ತ ಸಾರುವಾಗ ಈ ಹಿನ್ನೆಲೆ ಇದೆ. ಆಮೇಲೆ ಅಲ್‌ಮಾಇದ ಅಧ್ಯಾಯದಲ್ಲಿ ಪೂರ್ಣ ನಿಷೇಧ ಬಂತು. ಸಂಪ್ರದಾಯ, ಮನರಂಜನೆ, ಬಡವರಿಗೆ ಸಹಾಯ ಎಂಬ ಹೆಸರುಗಳಲ್ಲಿ ಇಂದು ಪಣವನ್ನು ಸಮರ್ಥಿಸುವವರು ಹೊಸದೇನನ್ನೂ ಹೇಳುತ್ತಿಲ್ಲ. ಕೋಳಿ ಅಂಕದ ವಿಷಯದಲ್ಲೂ ಅಷ್ಟೆ. ಆಚರಣೆಯ ಮಾತು ಅದನ್ನು ಆಚರಿಸುವವರಿಗೆ ಬಿಟ್ಟದ್ದು, ಅದರ ಹೊರಗೆ ಕೈಯಿಂದ ಕೈಗೆ ದಾಟುವ ನೋಟುಗಳ ಮಾತು ಮಾತ್ರ ನಮ್ಮದು.

ಇಷ್ಟೆಲ್ಲ ತಿಳಿದೂ ಬಿಡಲು ಏಕೆ ಆಗುವುದಿಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಜೂಜಿನ ಗೀಳು ವ್ಯಸನಗಳ ಸಾಲಿನಲ್ಲಿದೆ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣೆದುರಿದ್ದರೂ ಮುಂದುವರಿಯುವುದು ಇದರ ಲಕ್ಷಣಗಳು. ಮದ್ಯದ ವಾಸನೆ ಬರುತ್ತದೆ, ಜೂಜಿಗೆ ವಾಸನೆಯಿಲ್ಲ. ಮನೆಯವರಿಗೆ ತಿಳಿಯುವ ಹೊತ್ತಿಗೆ ಪತ್ನಿಯ ಚಿನ್ನ ಬ್ಯಾಂಕಿನಲ್ಲಿರುತ್ತದೆ.

ಆದರೆ ವ್ಯಾಪಾರಕ್ಕೆ ಮರಳಲು ಹೊರಟವನಿಗೆ ಇನ್ನೊಂದು ವಿಶೇಷ ಕಷ್ಟವಿದೆ. ಇದನ್ನು ನೀವೆಲ್ಲ ಗಮನಿಸಬೇಕೆಂದು ನಾವು ಬಯಸುತ್ತೇವೆ. ಮದ್ಯ ಬಿಟ್ಟವನಿಗೆ ಬಾಟಲಿಯನ್ನು ದೂರವಿಡಲು ಹೇಳಬಹುದು. ಜೂಜು ಬಿಟ್ಟು ಅಂಗಡಿ ಹಾಕಿದವನಿಂದ ಹಣವನ್ನು ದೂರವಿಡುವುದು ಹೇಗೆ? ಅವನ ಔಷಧಿಯೂ ಹಣವೇ, ವಿಷವೂ ಹಣವೇ. ಹಿಂದೆ ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದು, ಅಂಗಡಿಗೆ ಬಾಗಿಲು ಹಾಕಿ, ಕಟ್ಟೆಯವರೆಗೆ ನಡೆಯಬೇಕಿತ್ತು. ದಾರಿಯಲ್ಲಿ ಯಾರಾದರೂ ನೋಡುವರೆಂಬ ನಾಚಿಕೆಯಿತ್ತು. ಈಗ ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಗಿರಾಕಿ ಹಾಕಿದ ಹಣ ಬೀಳುವುದೂ, ಬೆಟ್ಟಿಂಗ್ ನಡೆಯುವುದೂ ಒಂದೇ ಮೊಬೈಲಿನಲ್ಲಿ. ಗಿರಾಕಿ ಮೆಟ್ಟಲಿಳಿಯುವ ಮುನ್ನ ಅವನ ಹಣ ಪಣಕ್ಕೆ ಹೋಗಿರುತ್ತದೆ. ಅದರ ಮೇಲೆ ವ್ಯಾಪಾರದ ನಿಧಾನಗತಿ. ಒಂದು ರಾತ್ರಿಯಲ್ಲಿ ಐವತ್ತು ಸಾವಿರ ಕಂಡವನಿಗೆ ಒಂದು ಪ್ಯಾಕೆಟ್ ಬಿಸ್ಕತ್ತಿನಲ್ಲಿ ಉಳಿಯುವ ಒಂದೆರಡು ರೂಪಾಯಿ ಅವಮಾನದಂತೆ ಕಾಣುತ್ತದೆ. ಸಾಲ ಮಾತ್ರ ನಿಧಾನವಾಗಿ ಬೆಳೆಯುವುದಿಲ್ಲ. ಆದ್ದರಿಂದ ಒಮ್ಮೆ, ಇದೊಂದು ಸಲ ಮಾತ್ರ, ಸಾಲ ತೀರಿಸಿಬಿಡುವಷ್ಟು ಗೆದ್ದು ಬಿಟ್ಟುಬಿಡುತ್ತೇನೆ ಎಂದು ಹೊರಡುತ್ತಾನೆ. ಬಿಡುವುದಕ್ಕಾಗಿಯೇ ಆಡುತ್ತಾನೆ.

ಬಿಟ್ಟವರಿದ್ದಾರೆಯೇ? ಇದ್ದಾರೆ. ರಶ್ಯದ ಮಹಾನ್ ಕಾದಂಬರಿಕಾರ ದೊಸ್ತೊಯೆವ್‌ಸ್ಕಿ ಜರ್ಮನಿಯ ಜೂಜು ಕೇಂದ್ರಗಳಲ್ಲಿ ರೂಲೆಟ್ ಆಡಿ ಬರಿಗೈಯಾದವರು. 1866ರಲ್ಲಿ, ಸಾಲದ ದೆಸೆಯಿಂದ ಪ್ರಕಾಶಕನೊಬ್ಬನ ಕಠಿಣ ಗಡುವಿಗೆ ಸಿಕ್ಕಿ, ಜೂಜುಗಾರನ ಕುರಿತೇ ಒಂದು ಕಾದಂಬರಿಯನ್ನು ಒಂದು ತಿಂಗಳೊಳಗೆ ಹೇಳಿ ಬರೆಸಿದರು. ಬರೆದುಕೊಂಡ ಶೀಘ್ರಲಿಪಿಗಾರ್ತಿ ಅನ್ನಾ ಮರುವರ್ಷ ಅವರ ಪತ್ನಿಯಾದರು. ಜೂಜಿನ ಮರ್ಮವನ್ನು ಅಷ್ಟು ಆಳವಾಗಿ ಅರಿತಿದ್ದವರು ಆ ಪುಸ್ತಕದ ಬಳಿಕವೂ ವರ್ಷಗಟ್ಟಲೆ ಆಡಿದರು. ಪತ್ನಿಯ ಆಭರಣಗಳು ಅಡವಿಗೆ ಹೋದವು. 1871ರ ವಸಂತದಲ್ಲಿ ವೀಸ್‌ಬಾಡೆನ್ ನಗರದಲ್ಲಿ ಕೊನೆಯ ಬಾರಿ ಸೋತರು. ಆಮೇಲೆ 1881ರಲ್ಲಿ ತೀರಿಕೊಳ್ಳುವವರೆಗೆ ಆಡಲಿಲ್ಲ. ಸಾಹಿತ್ಯದ ಚರಿತ್ರೆಕಾರರು ಇದನ್ನು ಮನಃಪರಿವರ್ತನೆಯ ಪವಾಡದಂತೆ ವರ್ಣಿಸುವುದುಂಟು. ನಮಗೆ ಹೆಚ್ಚು ಮುಖ್ಯವೆನಿಸುವುದು ಅನಂತರ ನಡೆದ ಸಂಗತಿ. 1873ರಲ್ಲಿ ಅನ್ನಾ ಪತಿಯ ಕಾದಂಬರಿಯನ್ನು ತಾವೇ ಮುದ್ರಿಸಿ ಮನೆಯಿಂದಲೇ ಮಾರಲು ಆರಂಭಿಸಿದರು. ಕಾಗದದ ಖರೀದಿ, ಮುದ್ರಣಾಲಯದ ಲೆಕ್ಕ, ಪುಸ್ತಕ ವ್ಯಾಪಾರಿಗಳಿಗೆ ಕೊಡುವ ರಿಯಾಯಿತಿ, ಸಾಲ ಕೊಟ್ಟವರೊಂದಿಗಿನ ಮಾತುಕತೆ, ಎಲ್ಲವೂ ಆ ಮಹಿಳೆಯ ಕೈಯಲ್ಲಿತ್ತು. ಅವರು ಬರೆದರು, ಇವರು ಹಣ ನೋಡಿಕೊಂಡರು. ಸಾಲ ತೀರಲು ಹೆಚ್ಚು ಕಡಿಮೆ ಅವರ ಆಯುಷ್ಯದ ಕೊನೆಯವರೆಗೂ ಹಿಡಿಯಿತು. ಆದರೆ ತೀರಿತು.

ದುಡಿಯುವ ಕೈ ಮತ್ತು ಹಣದ ಕೈ ಬೇರೆ ಬೇರೆಯಾಗಿರಬೇಕೆಂಬುದು ಇದರಲ್ಲಿರುವ ವ್ಯವಹಾರದ ವಿಷಯ. ನಮ್ಮ ಊರುಗಳಲ್ಲಿ ಇದನ್ನು ಮಾಡಲಾಗದೇ? ಪತ್ನಿಯ ಕೈಗೆ ಲೆಕ್ಕದ ಪುಸ್ತಕ ಕೊಡುವುದೆಂದರೆ ಗಂಡಸುತನಕ್ಕೆ ಕುಂದೆಂದು ಭಾವಿಸುವವರು, ಅದೇ ಪತ್ನಿಯ ಕರಿಮಣಿಯನ್ನು ಅಡವಿಡುವಾಗ ಆ ಗಂಡಸುತನ ಎಲ್ಲಿತ್ತೆಂದು ಯೋಚಿಸಲಿ. ಪತ್ನಿಯಲ್ಲದಿದ್ದರೆ ಪಾಲುದಾರನಿರಲಿ. ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದ ಖಾತೆಯನ್ನು ಬ್ಯಾಂಕುಗಳು ಕೊಡುತ್ತವೆ. ಅಂಗಡಿಯ ಕ್ಯೂಆರ್ ಕೋಡ್ ಆ ಖಾತೆಯದ್ದಾಗಿರಲಿ. ಸಾಧಾರಣ ಕೀಪ್ಯಾಡ್ ಫೋನ್ ಅವನ ಕೈಯಲ್ಲಿರಲಿ. ನೆರವು ನೀಡುವ ಸಗಟು ವ್ಯಾಪಾರಿಗಳಲ್ಲಿ ನಮ್ಮ ವಿನಂತಿಯೇನೆಂದರೆ, ಅವನಿಗೆ ನಗದು ಕೊಡಬೇಡಿರಿ, ಸರಕು ಕೊಡಿರಿ. ವಾರಕ್ಕೊಮ್ಮೆ ಲೆಕ್ಕ ನೋಡಿ, ಮಾರಿದ್ದರ ಹಣ ಪಡೆದು, ಮುಂದಿನ ಸರಕು ಹಾಕಿರಿ.

ಕರಾವಳಿಯವರಾದ ನಮಗೆ ದಿನದ ಸಣ್ಣ ಹಣದ ಬೆಲೆಯನ್ನು ಯಾರೂ ಕಲಿಸಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಾಗ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ಒಯ್ಯುವ ಏರ್ಪಾಡು ಮಾಡಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಎಂಬ ಶಬ್ದ ನಮ್ಮ ಪೇಟೆಗಳಲ್ಲಿ ಉಳಿದುಕೊಂಡಿದೆ. ಸಹಕಾರಿ ಸಂಘಗಳ ಸಂಗ್ರಾಹಕರು ಇಂದಿಗೂ ಅಂಗಡಿಯಿಂದ ಅಂಗಡಿಗೆ ಬರುತ್ತಾರೆ. ಮಟ್ಕಾ ಚೀಟಿ ಬರೆಯುವವನು ಬೆನ್ನು ಹತ್ತುವುದೂ ಅದೇ ದಿನದ ಹತ್ತು ಇಪ್ಪತ್ತು ರೂಪಾಯಿಯನ್ನು. ಅಂಗಡಿಗೆ ಯಾರು ಮೊದಲು ಬರುತ್ತಾರೆ ಎಂಬುದರ ಮೇಲೆ ಎಷ್ಟೋ ಸಂಸಾರಗಳ ಗತಿ ನಿಂತಿದೆ. ಬಡ್ಡಿಯ ಠೇವಣಿ ಬೇಡವೆನ್ನುವ ಜಮಾಅತ್‌ಗಳು ಬಡ್ಡಿಯಿಲ್ಲದ ದಿನಸಂಗ್ರಹವನ್ನು ತಾವೇ ನಡೆಸಬಹುದಲ್ಲ?

ಇನ್ನು ಸಾಲದ ವಿಷಯ. ಕುಟುಂಬದವರು ಸೇರಿ ಎಲ್ಲ ಸಾಲವನ್ನೂ ಒಂದೇ ದಿನ ತೀರಿಸಿ ಅವನನ್ನು ಬಿಡಿಸುವುದು ಬಹಳ ಕಡೆ ನಡೆಯುವ ಕ್ರಮ. ಇದು ಪ್ರೀತಿಯಿಂದ ಮಾಡುವಂಥದ್ದು, ಆದರೆ ಜೂಜುಗಾರನಿಗೆ ಅದು ಇನ್ನೊಂದು ದೊಡ್ಡ ಗೆಲುವಿನಂತೆ. ಸಾಲಗಳನ್ನು ಮೊದಲು ಬೇರ್ಪಡಿಸಿರಿ. ಪಣದ ಕರಾರು ಅನೂರ್ಜಿತವೆಂದೂ ಅದರ ಹಣಕ್ಕಾಗಿ ದಾವೆ ಹೂಡಲಾಗದೆಂದೂ 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮು ಹೇಳುತ್ತದೆ. ಆದ್ದರಿಂದ ಬುಕ್ಕಿಯ ಬೆದರಿಕೆಗೆ ಹೆದರಿ ಅವನಿಗೇ ಮೊದಲು ಕೊಡುವುದು ಸಲ್ಲದು. ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬೇಕು. ಕೆಲಸದಾಳಿನ ಸಂಬಳ, ಸರಕು ಕೊಟ್ಟವನ ಬಾಕಿ, ತಂಗಿಯ ಮದುವೆಗೆಂದು ಇಟ್ಟಿದ್ದ ಹಣ, ಇವು ಮೊದಲು. ಇವಕ್ಕೆ ತಿಂಗಳ ಕಂತು ನಿಗದಿಯಾಗಲಿ, ಅದು ಅಂಗಡಿಯ ಲಾಭದಿಂದಲೇ ಹೋಗಲಿ. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಬೇಕೆಂಬ ಕುರ್‌ಆನಿನ ಆದೇಶ ಸಾಲ ಕೊಟ್ಟವರಿಗೂ ನೆನಪಿರಲಿ.

ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಸೇರಿದ್ದಾರೆ. ಪಾಪಕಾರ್ಯಕ್ಕೆ ಸಾಲ ಮಾಡಿದವನಿಗೆ ಕೊಡಬಹುದೇ ಎಂದು ಕೆಲವು ಕಮಿಟಿಗಳು ಹಿಂಜರಿಯುತ್ತವೆ. ನಮ್ಮ ಕರಾವಳಿಯಲ್ಲಿ ಪ್ರಚಲಿತವಿರುವ ಶಾಫಿಈ ಕರ್ಮಶಾಸ್ತ್ರದ ಇಮಾಮ್ ನವವಿಯವರು ತಮ್ಮ ‘ಮಿನ್‌ಹಾಜ್’ ಗ್ರಂಥದಲ್ಲಿ, ಆತ ಪಶ್ಚಾತ್ತಾಪಪಟ್ಟರೆ ಕೊಡಬಹುದೆಂಬುದೇ ಹೆಚ್ಚು ಸರಿಯಾದ ಅಭಿಪ್ರಾಯವೆಂದು ಹದಿಮೂರನೆಯ ಶತಮಾನದಲ್ಲೇ ಹೇಳಿದ್ದಾರೆ. ಏಳುನೂರು ವರ್ಷಗಳ ಹಿಂದಿನ ವಿದ್ವಾಂಸರು ತೆರೆದಿಟ್ಟ ಬಾಗಿಲನ್ನು ಇಂದಿನ ಕಮಿಟಿ ಮುಚ್ಚುವುದೇಕೆ? ಹಣವನ್ನು ಅವನ ಕೈಗೆ ಕೊಡದೆ ನೇರವಾಗಿ ಬಾಕಿದಾರನಿಗೆ ಸಂದಾಯ ಮಾಡುವ ಬಗೆಯನ್ನು ಉಲೆಮಾಗಳಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಎರಡನೆಯ ಸಲ ಜಾರಿದವನನ್ನು ಏನು ಮಾಡಬೇಕು? ಇದು ಕಮಿಟಿಯವರು ನಮ್ಮಲ್ಲಿ ಕೇಳಿದ ಪ್ರಶ್ನೆ. ಜುಮಾ ದಿನ ಮಸೀದಿಯ ಅಂಗಳದಲ್ಲಿ ಹೆಸರು ಹಿಡಿದು ಖಂಡಿಸುವುದರಿಂದ ಆತ ಮಸೀದಿಯನ್ನು ಬಿಡುತ್ತಾನೆ, ಕಟ್ಟೆಯನ್ನಲ್ಲ. ನಮ್ಮ ಬೆಳ್ತಂಗಡಿ ತಾಲೂಕಿನಲ್ಲೇ ಒಂದು ಮಾದರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ ಮದ್ಯವರ್ಜನ ಶಿಬಿರಗಳು ಕೆಲವು ದಿನಗಳಲ್ಲಿ ಮುಗಿಯುತ್ತವೆ, ಆದರೆ ಕುಡಿತ ಬಿಟ್ಟವರು ಶಿಬಿರದ ಬಳಿಕವೂ ಒಟ್ಟು ಸೇರಲು ನವಜೀವನ ಸಮಿತಿಗಳಿವೆ. ಬಿಟ್ಟವನಿಗೆ ಬಿಟ್ಟವರ ಜೊತೆ ಸಿಗುತ್ತದೆ. ಜೂಜು ಬಿಡುವವರಿಗೆ ಅಂಥ ಕೂಟ ನಮ್ಮ ಊರುಗಳಲ್ಲಿ ಇನ್ನೂ ಬೇಕಾಗಿದೆ. ಅದು ಒಂದು ಮತದವರದ್ದಾಗಿರಬೇಕೆಂದೇನೂ ಇಲ್ಲ, ಆಡುವಾಗ ಒಟ್ಟಿಗಿದ್ದವರು ಬಿಡುವಾಗಲೂ ಒಟ್ಟಿಗಿರಬಹುದು. ಚಿಕಿತ್ಸೆ ಬೇಕಾದವರಿಗೆ ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಿದೆ, ಕರೆಗೆ ಹಣವಿಲ್ಲ. ಅಂಗಡಿಯ ಅನುಭವವೇ ಇಲ್ಲದವರಿಗೆ, ಧರ್ಮಸ್ಥಳದ ಸಂಸ್ಥೆ ಎರಡು ಬ್ಯಾಂಕುಗಳೊಂದಿಗೆ ಸೇರಿ 1982ರಲ್ಲಿ ಉಜಿರೆಯಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯಲ್ಲಿ ಉಚಿತ ಸ್ವಉದ್ಯೋಗ ತರಬೇತಿಯಿದೆ. ಮುಂದೆ ದೇಶದ ಇತರ ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳು ಬಂದದ್ದು ಅದರ ಮಾದರಿಯಲ್ಲಿ.

ಜಮಾಅತ್‌ನವರು ತಮ್ಮ ವ್ಯಾಪ್ತಿಯಲ್ಲಿ ಇಬ್ಬರನ್ನು, ಒಬ್ಬ ವ್ಯಾಪಾರಿ ಮತ್ತು ಒಬ್ಬ ಲೆಕ್ಕ ಬಲ್ಲವರನ್ನು, ಈ ಕೆಲಸಕ್ಕೆ ಗೊತ್ತುಮಾಡಿದರೆ ಆರಂಭಕ್ಕೆ ಸಾಕು. ಅವರ ಬಳಿ ಬಂದವನ ಹೆಸರು ಆ ಇಬ್ಬರಲ್ಲೇ ಉಳಿಯಬೇಕು. ಸಭೆಯ ಬಳಿಕ ಹೊರಗಿನ ಮೇಜಿನಲ್ಲಿ ಆಸಕ್ತ ವ್ಯಾಪಾರಿಗಳು ತಮ್ಮ ಹೆಸರು ಬರೆಸಬಹುದು. ಆಡುವವರ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ.